ಬಂಗಾರ, ಭಂಗಾರ ಮತ್ತು ಒಂದು ಹಳೆಯ ಬಸ್ಸು

ಕೊಲ್ಹಾಪುರದ ಪೇಟೆಯಲ್ಲಿ ಹೊಸಬ ಕನ್ನಡಿಗನ ಕಿವಿ ಎರಡು ಸಲ ಮೋಸ ಹೋಗುತ್ತದೆ. ನಮಗೆ ಬಂಗಾರವೆಂದರೆ ಚಿನ್ನ; ಅಲ್ಲಿಯ ಮರಾಠಿಯಲ್ಲಿ ಭಂಗಾರವೆಂದರೆ ಹಾಳು ಕಬ್ಬಿಣ, ಮುರುಕು ಸಾಮಾನು. ನಮಗೆ ಗುಜರಿಯೆಂದರೆ ಆ ಮುರುಕು ಸಾಮಾನಿನ ಅಂಗಡಿ. ಅಲ್ಲಿ ಗುಜರಿ ಎಂದರೆ ಮಹಾಲಕ್ಷ್ಮಿ ದೇವಸ್ಥಾನದ ಹತ್ತಿರ ಇರುವ ಚಿನ್ನಬೆಳ್ಳಿಯ ಪೇಟೆ. ಒಂದು ಮಹಾಪ್ರಾಣದ ಅಂತರದಲ್ಲಿ ಚಿನ್ನ ಗುಜರಿಯಾಗುತ್ತದೆ, ಗುಜರಿ ಚಿನ್ನವಾಗುತ್ತದೆ. ಎರಡು ಭಾಷೆಗಳ ನಡುವೆ ಬದುಕುವ ಕಾಸರಗೋಡಿನ ಓದುಗರಿಗೆ ಇಂಥ ತಮಾಷೆ ಹೊಸದೇನಲ್ಲ. ಆದರೆ ಈ ವರ್ಷ ಈ ಎರಡು ಪದಗಳು ನನ್ನನ್ನು ತಮಾಷೆಯಾಚೆಗೂ ಕಾಡಿದವು. ಒಂದು ವಸ್ತು ಯಾವಾಗ ಭಂಗಾರವಾಗುತ್ತದೆ? ಭಂಗಾರವಾದುದನ್ನು ಎತ್ತಿ ತಂದು ಮತ್ತೆ ಬಳಸುವವನು ಅಷ್ಟರಿಂದಲೇ ಒಳ್ಳೆಯ ಕೆಲಸ ಮಾಡಿದಂತಾಗುತ್ತದೆಯೆ?

ಪ್ರಶ್ನೆಗೆ ಕಾರಣ ಒಂದು ಬಸ್ಸು. ಇಚಲಕರಂಜಿಯ ಸುತ್ತಲಿನ ಹಳ್ಳಿಗಳಿಂದ ನೂಲಿನ ಗಿರಣಿಯೊಂದಕ್ಕೆ ಹೆಣ್ಣುಮಕ್ಕಳನ್ನು ಪಾಳಿಯಂತೆ ತಂದು ಬಿಡುತ್ತಿದ್ದ, 2009ರ ಮಾದರಿಯ, ನಲವತ್ತು ಸೀಟಿನ ಬಸ್ಸು. ಗಿರಣಿಯವರು ಹೊಸದು ಕೊಂಡರು. ಹಳೆಯದನ್ನು ನನ್ನ ಗೆಳೆಯರು ಮುಂಗಡ ಕೊಟ್ಟು ಹಿಡಿದಿಟ್ಟರು. ಗೆಳೆಯರೆಂದರೆ ಒಂಬತ್ತು ಜನ: ಇಚಲಕರಂಜಿಯ ಮಗ್ಗದ ಮಾಲೀಕರೊಬ್ಬರು, ಗಡಹಿಂಗ್ಲಜದ ಇಬ್ಬರು ಮಾಸ್ತರರು, ಔಷಧದಂಗಡಿಯವರು, ಕಬ್ಬಿನ ರೈತರು ಹೀಗೆ. ಹತ್ತನೆಯವನು ನಾನು. ಬ್ಯಾಂಕಿನವನೆಂದು ಜಮಾಖರ್ಚಿನ ವಹಿಯೂ ನನ್ನ ಪಾಲಿಗೆ ಬಂತು. ಯೋಜನೆ ಹೀಗಿದೆ: ಸೀಟುಗಳನ್ನೆಲ್ಲ ಕಿತ್ತು ಹತ್ತು ಮಲಗುವ ಹಲಗೆ, ಒಂದು ಒಲೆಕಟ್ಟೆ, ನೀರಿನ ಟಾಕಿ, ಮಾಡಿನ ಮೇಲೆ ಸೌರಫಲಕ, ವಡೆ ಭಜಿ ಕರಿದುಳಿದ ಎಣ್ಣೆಯಿಂದ ಇಂಧನ. ಗಡಹಿಂಗ್ಲಜದಿಂದ ಹಿರಣ್ಯಕೇಶಿಯ ದಡ ಹಿಡಿದು ಆಜರಾ, ಅದು ಹುಟ್ಟುವ ಆಂಬೋಲಿ, ಅಲ್ಲಿಂದ ಘಟ್ಟ ಇಳಿದು ಸಾವಂತವಾಡಿ, ಗೋವೆ, ಕಾರವಾರ, ಮಂಗಳೂರು, ಕೊನೆಗೆ ನಿಮ್ಮ ಕಾಸರಗೋಡು. ಹೋಗಿ ಬರಲು ಸುಮಾರು 1,200 ಕಿಲೋಮೀಟರ್. ಬಸ್ಸಿನ ಎರಡೂ ಬದಿಗೆ ‘ಪರಿಸರಸ್ನೇಹಿ ಪ್ರವಾಸ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸುವುದೆಂದು ಪೇಂಟರನಿಗೆ ಹೇಳಿಯೂ ಆಗಿತ್ತು.

ನನ್ನ ತಕರಾರು ಆ ಬರಹದ ಮೇಲೆ ಶುರುವಾಯಿತು.

ಮೊದಲಿಗೆ ಹೇಳಿಬಿಡುತ್ತೇನೆ, ಹಳೆಯದನ್ನು ಬಾಳಿಸುವ ಬುದ್ಧಿಯ ಬಗ್ಗೆ ನನಗೆ ಅಪಾರ ಗೌರವವಿದೆ. ನಮ್ಮ ಸೀಮೆಯ ಅನ್ನವೇ ಅದರಿಂದ ಬಂದದ್ದು. ಕೊಲ್ಹಾಪುರದ ಶಿವಾಜಿ ಉದ್ಯಮನಗರದ ಗಲ್ಲಿಗಳಲ್ಲಿ ಒಂದು ತುಂಡಾದ ಹಲ್ಲುಚಕ್ರ ಕೊಟ್ಟರೆ ಅದರಂಥದೇ ಇನ್ನೊಂದನ್ನು ಲೇಥಿನ ಮೇಲೆ ಕಡೆದು ಕೊಡುವ ಕೈಗಳಿವೆ. ಶಿರೋಳಿ, ಗೋಕುಳ ಶಿರಗಾಂವದ ಎರಕದ ಕಾರಖಾನೆಗಳು ದಿನವೂ ಕರಗಿಸುವುದರಲ್ಲಿ ದೊಡ್ಡ ಪಾಲು ಭಂಗಾರದ್ದೇ. ಎಲ್ಲಿಯದೋ ಮುರಿದ ಗಾಡಿ ಅಲ್ಲಿ ಪಂಪಿನ ಮೈಯಾಗಿ, ಎಂಜಿನಿನ ಬಿಡಿಭಾಗವಾಗಿ ಮರುಜನ್ಮ ಪಡೆಯುತ್ತದೆ. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಹಾಕಿದರು. ಊರಿನ ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರ ಬೆಂಬಲ ಅವರಿಗಿತ್ತು. ಆಮೇಲೆ ಬೆಳೆದ ಊರು ಎಷ್ಟೋ ಮಟ್ಟಿಗೆ ಬೇರೆಯವರು ಕೈಬಿಟ್ಟ ಯಂತ್ರಗಳ ಮೇಲೆ ನಿಂತಿತು. ವಿದೇಶಗಳಲ್ಲಿ ಓಡಿ ದಣಿದ ಲಾಳಿಯಿಲ್ಲದ ಮಗ್ಗಗಳು ಕೂಡ ಸೆಕೆಂಡ್ ಹ್ಯಾಂಡಾಗಿ ಇಲ್ಲಿಗೆ ಬಂದು, ಇಲ್ಲಿಯ ಮೇಸ್ತ್ರಿಗಳ ಕೈಯಲ್ಲಿ ಮತ್ತೆ ವರ್ಷಗಟ್ಟಲೆ ಬಟ್ಟೆ ನೆಯ್ದಿವೆ.

ಆದರೆ ಅದೇ ಇಚಲಕರಂಜಿ ಇನ್ನೊಂದು ಪಾಠವನ್ನೂ ಹೇಳುತ್ತದೆ. ಒಂದು ಬೋಲ್ಟನ್ನೂ ವ್ಯರ್ಥ ಮಾಡದ ಊರಿನ ಬಣ್ಣದ ನೀರು ಪಂಚಗಂಗೆಗೆ ಸೇರಿ ನದಿ ಕಪ್ಪಾಯಿತು. 2012ರಲ್ಲಿ ಊರಿಗೆ ಊರೇ ಕಾಮಾಲೆಯಿಂದ ನರಳಿತು, ಸಾವುಗಳಾದವು. ಅದು ಕುಡಿಯುವ ನೀರಿಗೆ ಹೊಲಸು ಸೇರಿ ಹರಡಿದ ರೋಗ. ಮಿತವ್ಯಯ ಒಂದು ಗುಣ, ಶುಚಿ ಇನ್ನೊಂದು ಗುಣ. ಮೊದಲನೆಯದು ನಮ್ಮಲ್ಲಿ ಇದೆಯೆಂದು ಎರಡನೆಯದನ್ನೂ ನಮ್ಮ ಖಾತೆಗೆ ಜಮಾ ಮಾಡಿಕೊಳ್ಳಲು ಬರುವುದಿಲ್ಲ. ಹಳೆಯ ಬಸ್ಸು ಹಳೆಯದೆಂಬ ಕಾರಣಕ್ಕೇ ಪರಿಸರಕ್ಕೆ ಸ್ನೇಹಿತನಾಗದು.

ಹಾಗಾಗಿ ವಹಿಯ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಇದು ರಸಾಯನಶಾಸ್ತ್ರದ ಮಾತು, ಯಾರ ಅಭಿಪ್ರಾಯವೂ ಅಲ್ಲ. ಈ ಬಸ್ಸು ಲೀಟರಿಗೆ ನಾಲ್ಕು ಕಿಲೋಮೀಟರ್ ಓಡೀತೆಂದು ಅದರ ಹಳೆಯ ಚಾಲಕರೇ ಹೇಳಿದರು. 1,200 ಕಿಲೋಮೀಟರಿಗೆ 300 ಲೀಟರ್, ಎಂದರೆ 804 ಕಿಲೋ ಹೊಗೆ. ಹತ್ತು ಜನಕ್ಕೆ ಹಂಚಿದರೆ ತಲೆಗೆ ಎಂಬತ್ತು ಕಿಲೋ. ಅದೇ ಹತ್ತು ಜನ ಲೀಟರಿಗೆ ಹದಿನೈದು ಕಿಲೋಮೀಟರ್ ಓಡುವ ಮೂರು ಸಾಧಾರಣ ಡೀಸೆಲ್ ಕಾರುಗಳಲ್ಲಿ ಹೋದರೆ ಸಾಕಾಗುವುದು 240 ಲೀಟರ್! ‘ಪರಿಸರಸ್ನೇಹಿ’ ಎಂದು ಬರೆಸಿಕೊಂಡ ಬಸ್ಸು, ನಾವೆಲ್ಲ ಬಯ್ಯುವ ಕಾರುಗಳಿಗಿಂತ ಅರವತ್ತು ಲೀಟರ್ ಹೆಚ್ಚು ಕುಡಿಯುತ್ತದೆ. ಹೊಗೆಯ ಗುಣವೂ ಬೇರೆ. ಇದು ಭಾರತ್ ಸ್ಟೇಜ್ 2ರ ಕಾಲದ ಎಂಜಿನು. ಭಾರೀ ವಾಹನಗಳ ಮಸಿಕಣಗಳಿಗೆ ಆಗ ಇದ್ದ ಮಿತಿಗೂ 2020ರಲ್ಲಿ ಬಂದ ಸ್ಟೇಜ್ 6ರ ಮಿತಿಗೂ ಹದಿನೈದು ಪಟ್ಟು ವ್ಯತ್ಯಾಸ.

ಸೌರಫಲಕದ ಮಾತು. 400 ವಾಟಿನ ಎರಡು ಫಲಕ ದಿನಕ್ಕೆ ಮೂರು ನಾಲ್ಕು ಯೂನಿಟ್ ಕೊಟ್ಟಾವು. ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಶಕ್ತಿಯೇ ಸುಮಾರು ಹತ್ತು ಯೂನಿಟ್. ಎಂಜಿನು ಅದರಲ್ಲಿ ಮೂರನೆಯ ಒಂದು ಪಾಲನ್ನಷ್ಟೇ ಓಟಕ್ಕೆ ತಿರುಗಿಸುತ್ತದೆಂದರೂ ದಿನಕ್ಕೆ ಮೂವತ್ತು ಲೀಟರ್ ಸುಡುವ ಗಾಡಿಯ ಮಾಡಿನ ಮೇಲೆ ಆ ಫಲಕ ಹಣೆಯ ಮೇಲಿನ ವಿಭೂತಿ ಇದ್ದಂತೆ. ಪಂಖಕ್ಕೆ, ದೀಪಕ್ಕೆ ಆದೀತು. ಅಷ್ಟು ಬೇಕಾದದ್ದೇ, ಸರಿ.

ಕರಿದ ಎಣ್ಣೆಯ ವಿಚಾರದಲ್ಲಿ ಮಾತ್ರ ನಾನು ಗೆಳೆಯರ ಕಡೆಗೇ ಇದ್ದೇನೆ. ಪದೇ ಪದೇ ಕಾಯಿಸಿದ ಎಣ್ಣೆ ದೊಡ್ಡ ಅಂಗಡಿಯಿಂದ ಅಗ್ಗದಲ್ಲಿ ಸಣ್ಣ ಗಾಡಿಯವನಿಗೆ, ಅವನಿಂದ ಬಡವನ ಹೊಟ್ಟೆಗೆ ಇಳಿಯುತ್ತದೆ. 2018ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೊಂದು ಮಿತಿ ಹಾಕಿ, ಉಳಿದುದನ್ನು ಜೈವಿಕ ಡೀಸೆಲಿಗೆ ತಿರುಗಿಸುವ ಯೋಜನೆ ತಂದಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲನ ಎಂಜಿನ್ ಓಡಿದ್ದೇ ಶೇಂಗಾ ಎಣ್ಣೆಯ ಮೇಲೆ. ಆದರೆ ಎಣ್ಣೆಯನ್ನು ಹಾಗೇ ಸುರಿದರೆ ಅದು ದಪ್ಪವಾಗಿ ಇಂಜೆಕ್ಟರು ಕಟ್ಟುತ್ತದೆ, ಆಂಬೋಲಿಯ ಚಳಿಯಲ್ಲಿ ಇನ್ನೂ ಹೆಪ್ಪಾಗುತ್ತದೆ. ಮೆಥನಾಲ್ ಮತ್ತು ಕ್ಷಾರ ಬೆರೆಸಿ, ಗ್ಲಿಸರಿನ್ ಬೇರ್ಪಡಿಸಿ ಹದ ಮಾಡಬೇಕು. ಅದು ಅಡಿಗೆಮನೆಯ ಕೆಲಸವಲ್ಲ. ಮತ್ತೆ, ಅಂಥ ಇಂಧನ ಸಿಕ್ಕರೆ ಅದನ್ನು ದಿನವೂ ಓಡಲೇಬೇಕಾದ ಶಾಲೆಯ ಗಾಡಿಗೆ ಕೊಡಬಾರದೇಕೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಗೆಳೆಯರ ಮೊದಲ ಉತ್ತರ: “ಹೊಸಾ ಗಾಡಿ ಮಾಡಾಕ ಎಷ್ಟು ಉಕ್ಕು ಬೇಕು, ಅದನ್ನ ಉಳಿಸೀವಲ್ಲರಿ!” ಮೇಲ್ನೋಟಕ್ಕೆ ನಿಜ. ಒಂದು ಟನ್ ಉಕ್ಕು ತಯಾರಾಗಲು ಜಗತ್ತಿನ ಸರಾಸರಿಯಂತೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಆದರೆ ಹಳೆಯದು ಹೊಸದರ ಜಾಗದಲ್ಲಿ ನಿಂತಾಗ ಮಾತ್ರ ಉಳಿತಾಯ. ನಮ್ಮ ಹತ್ತು ಜನಕ್ಕಾಗಿ ಯಾರೂ ಹೊಸ ಬಸ್ಸು ಕಟ್ಟಲು ಹೊರಟಿರಲಿಲ್ಲ. ನಾವು ಇದನ್ನು ಕೊಳ್ಳದಿದ್ದರೆ ಇದು ಶಿರೋಳಿಯ ಕುಲುಮೆಗೆ ಹೋಗಿ, ಅಷ್ಟೇ ಹೊಸ ಕಬ್ಬಿಣ ಉಳಿಯುತ್ತಿತ್ತು. ಮನೆಯಲ್ಲಿ ಹಳೆಯ ಸೀರೆಯಿಂದ ಕೌದಿ ಹೊಲಿದರೆ ಉಳಿತಾಯ. ಕೌದಿ ಬೇಕಿಲ್ಲದ ಮನೆಯಲ್ಲಿ ಹನ್ನೆರಡನೆಯ ಕೌದಿ ಹೊಲಿದರೆ ಅದು ಹವ್ಯಾಸ. ಹವ್ಯಾಸ ತಪ್ಪೆಂದು ನಾನು ಹೇಳುತ್ತಿಲ್ಲ.

ಹಳೆಯ ಬಸ್ಸಿಗೆ ಎರಡನೆಯ ಜನ್ಮ ಕೊಟ್ಟ ನಿಜವಾದ ಉದಾಹರಣೆಗಳು ನಮ್ಮ ಮೂರು ರಾಜ್ಯಗಳಲ್ಲೂ ಇವೆ. ಪುಣೆಯಲ್ಲಿ ಉಲ್ಕಾ ಸಾದಲಕರ್ ಮತ್ತು ರಾಜೀವ್ ಖೇರ್ ಎಂಬ ಇಬ್ಬರು ಉದ್ಯಮಿಗಳು 2016ರ ಸುಮಾರಿಗೆ ನಗರಸಾರಿಗೆಯ ಹಳೆಯ ಬಸ್ಸುಗಳನ್ನು ಹೆಂಗಸರ ಶೌಚಾಲಯಗಳನ್ನಾಗಿ ಮಾಡಿದರು. ಹೆಸರು ‘ತೀ’, ಎಂದರೆ ಮರಾಠಿಯಲ್ಲಿ ‘ಅವಳು’. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ 2020ರಲ್ಲಿ ಕರ್ನಾಟಕ ಸಾರಿಗೆಯೂ ಅಂಥದೊಂದನ್ನು ನಿಲ್ಲಿಸಿತು. ಅದೇ ವರ್ಷ ಕೇರಳದ ಕೆ.ಎಸ್.ಆರ್.ಟಿ.ಸಿ. ಮೂನ್ನಾರಿನಲ್ಲಿ ಹಳೆಯ ಬಸ್ಸಿನೊಳಗೆ ಮಲಗುವ ವ್ಯವಸ್ಥೆ ಮಾಡಿತು. ಆರಂಭದಲ್ಲಿ ತಲೆಗೆ ರಾತ್ರಿಗೆ ನೂರು ರೂಪಾಯಿ. ಮಹಾರಾಷ್ಟ್ರದ ಎಸ್.ಟಿ. ಕೊರೋನಾ ಕಾಲದಲ್ಲಿ ಹಳೆಯ ಬಸ್ಸುಗಳ ಸೀಟು ತೆಗೆದು ಸರಕಿನ ಗಾಡಿ ಮಾಡಿ ಓಡಿಸಿತು. ಇವೆಲ್ಲದರಲ್ಲೂ ಸೀಟು ಕಿತ್ತಿದ್ದಾರೆ, ಆದರೆ ಬಸ್ಸು ಮೊದಲಿನ ಹಾಗೆಯೇ ಹತ್ತು ಹಲವರದಾಗಿ ಉಳಿದಿದೆ. ನಾವು ಕಿತ್ತರೆ ನಲವತ್ತು ಜನರದು ಹತ್ತು ಜನರದಾಗುತ್ತದೆ. ನನ್ನ ಲೆಕ್ಕದ ಪುಟವನ್ನು ತಿರುತಿರುಗಿ ನೋಡಿದಾಗ ಕಂಡದ್ದೂ ಇದೇ. ಬಸ್ಸೆಂಬುದು ಭೂಮಿಗೆ ಹಗುರವಾಗುವುದು ಅದರ ಎಂಜಿನಿನಿಂದಲ್ಲ, ಬಣ್ಣದಿಂದಲ್ಲ, ತುಂಬಿದ ಸೀಟುಗಳಿಂದ. ಅದೇ 804 ಕಿಲೋವನ್ನು ನಲವತ್ತು ಜನಕ್ಕೆ ಹಂಚಿದರೆ ತಲೆಗೆ ಇಪ್ಪತ್ತು. ಭಾರ ಹೆಚ್ಚಿ ಡೀಸೆಲ್ ತುಸು ಹೆಚ್ಚು ಹೋದೀತು, ಆದರೂ ಕಾರು ಹತ್ತಿರ ಬರಲಾರದು. ನಾವು ಮೊದಲ ಕೆಲಸವಾಗಿ ಕೀಳಲು ಹೊರಟದ್ದು ಅದರ ಪುಣ್ಯವನ್ನೇ.

ಈ ಮಾತನ್ನು ಒಂದು ಭಾನುವಾರ ಗಡಹಿಂಗ್ಲಜದಲ್ಲಿ ಗೆಳೆಯರ ಮುಂದಿಟ್ಟೆ. ಕೋಪ ಬಂತು, ಬರಬೇಕಾದದ್ದೇ. ಹಿರಿಯ ಮಾಸ್ತರರು ಹೇಳಿದರು: “ತಮ್ಮಾ, ನಮಗೆಲ್ಲ ಐವತ್ತು ಹತ್ತರ ಬಂತು. ಮಕ್ಕಳು ಪುಣೆ ಬೆಂಗಳೂರು ಸೇರ್ಯಾರ. ಹತ್ತು ಮಂದಿ ಹತ್ತು ದಿನ ಕೂಡಿ ಉಂಡು ಮಲಗೂದಕ್ಕ ನೀ ಎಷ್ಟು ಕಿಲೋ ಬರಕೊಂಡಿ?” ಇದಕ್ಕೆ ಎದುರಾಡುವುದು ಸುಲಭವಲ್ಲ. ಗೆಳೆತನಕ್ಕೆ ತೂಕದ ಕಲ್ಲು ನನ್ನಲ್ಲೂ ಇಲ್ಲ. ಎಲ್ಲವೂ ಉಪಯುಕ್ತವಾಗಿರಲೇಬೇಕೆಂದು ಹಟ ಹಿಡಿದರೆ ಜಾತ್ರೆಯೂ ಇರುವುದಿಲ್ಲ, ನಾಟಕವೂ ಇರುವುದಿಲ್ಲ, ಈ ವಾರ್ಷಿಕ ಸಂಚಿಕೆಯೂ ಇರುವುದಿಲ್ಲ. ನಾನು ಅವರಿಗೆ ಹೇಳಿದ್ದಿಷ್ಟೆ: ಸಂತೋಷಕ್ಕೆ ಹೋಗೋಣ, ಸಂತೋಷವೆಂದೇ ಬರೆಸೋಣ. ಭೂಮಿಗೆ ಉಪಕಾರ ಮಾಡಲು ಹೊರಟಿದ್ದೇವೆಂದು ಬರೆಸಿದರೆ ಎರಡು ಕೇಡು. ನೋಡಿದ ಹುಡುಗರು ಅದನ್ನೇ ನಂಬುತ್ತಾರೆ. ಅದಕ್ಕಿಂತ ಮುಖ್ಯವಾಗಿ ನಾವೂ ನಂಬುತ್ತೇವೆ. ತನ್ನ ಭೋಗವನ್ನು ಭೋಗವೆಂದು ತಿಳಿದವನು ಎಲ್ಲೋ ಒಂದು ಕಡೆ ಸಾಕು ಅನ್ನಬಲ್ಲ. ಅದನ್ನೇ ವ್ರತವೆಂದುಕೊಂಡವನಿಗೆ ಸಾಕು ಎಂಬ ಮಾತು ಹೊಳೆಯುವುದೇ ಇಲ್ಲ.

ವ್ರತದ ಮಾತು ಬಂದದ್ದಕ್ಕೆ ಮಗ್ಗದ ಮಾಲೀಕರು ತಮ್ಮ ಆಯಿಯ ನೆನಪು ತೆಗೆದರು. ಅವರದು ನಮ್ಮ ಸೀಮೆಯ ಜೈನ ಮನೆತನ. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ. ಜೈನ ಶ್ರಾವಕರ ವ್ರತಗಳಲ್ಲಿ ದಿಗ್ವ್ರತವೆಂದೊಂದಿದೆ, ಯಾವ ದಿಕ್ಕಿಗೆ ಎಷ್ಟು ದೂರ ಹೋಗುತ್ತೇನೆಂದು ಮೊದಲೇ ಗೆರೆ ಎಳೆದುಕೊಳ್ಳುವುದು. ಹೋದಲ್ಲೆಲ್ಲ ಹಿಂಸೆ ಆಗುವುದರಿಂದ ಹೋಗುವ ದೂರಕ್ಕೇ ಮಿತಿ. ಆ ಅಜ್ಜಿ ಕುಂಭೋಜದ ಬಾಹುಬಲಿ ಬೆಟ್ಟದ ಆಚೆ ಉತ್ತರಕ್ಕೆ ಕಾಲಿಡಲಿಲ್ಲವಂತೆ. ದಕ್ಷಿಣಕ್ಕೆ ಮಾತ್ರ ಶ್ರವಣಬೆಳಗೊಳದವರೆಗೆ ಗೆರೆ ಎಳೆದುಕೊಂಡಿದ್ದರಂತೆ. ಇನ್ನೊಂದು ವ್ರತ ಭೋಗೋಪಭೋಗ ಪರಿಮಾಣ. ಒಮ್ಮೆ ಉಂಡರೆ ಮುಗಿಯುವಂಥದು ಭೋಗ, ಮತ್ತೆ ಮತ್ತೆ ಬಳಸಲು ಬರುವಂಥದು ಉಪಭೋಗ, ಎರಡಕ್ಕೂ ಅಳತೆ ಇರಲಿ ಎಂಬುದು. ನನಗೆ ಥಟ್ಟನೆ ಬಸ್ಸಿನ ತಗಾದೆ ಬಿಡಿಸಿದಂತಾಯಿತು. ನಾವು ಇಷ್ಟು ದಿನ ಉಪಭೋಗದ ಕಡೆ, ಎಂದರೆ ಹಳೆಯ ತಗಡಿನ ಕಡೆ ಬೆರಳು ತೋರಿಸಿ, ಭೋಗವಾದ ಡೀಸೆಲನ್ನು ಮರೆಸುತ್ತಿದ್ದೆವು. ತಗಡು ನೂರು ಸಲ ಬಳಕೆಗೆ ಬರುತ್ತದೆ; ಸುಟ್ಟ ಎಣ್ಣೆ ಮರಳಿ ಬರುವುದಿಲ್ಲ. ದೂರಕ್ಕೇ ಗೆರೆ ಎಳೆಯುವ ಧೈರ್ಯ ಇಂದಿನ ಯಾವ ಪರಿಸರ ಪುಸ್ತಕಕ್ಕಿದೆಯೋ ಕಾಣೆ. ನನಗಂತೂ ಇಲ್ಲ, ನಿಮ್ಮ ಬೇಕಲದ ಕೋಟೆ ನೋಡುವ ಆಸೆ ಬಹಳ ದಿನದ್ದು.

ಹೋಗಲೇಬೇಕಾದರೆ ಬೇರೆ ದಾರಿ ಇಲ್ಲವೆ? ಇದೆ. ಮೀರಜದಲ್ಲಿ ಪುಣೆ–ಎರ್ನಾಕುಳಂ ಪೂರ್ಣಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾವಿ, ಲೋಂಡಾ, ಮಡಗಾಂವ ಹಾದು ಕಾಸರಗೋಡಿನ ಹಾದಿಯಲ್ಲೇ ಹೋಗುತ್ತದೆ. ಕೊಂಕಣ ರೈಲಿನ ಹಳಿ 2022ರಲ್ಲಿ ಪೂರ್ತಿ ವಿದ್ಯುತ್ತಿಗೆ ಬಂತು. ನಾವು ಹತ್ತಲಿ ಬಿಡಲಿ ಅದು ಓಡುತ್ತದೆ. (ಎಲ್ಲರೂ ಹೀಗೆಂದು ಹತ್ತಿದರೆ ಇನ್ನೊಂದು ರೈಲು ಬೇಕಾಗುತ್ತದೆಂಬುದು ನಿಜ, ಆದರೆ ಅಂಥ ಕಷ್ಟ ನಮಗೆ ಬರಲಿ.) ಇನ್ನೊಂದು ಲಾಭವೂ ಉಂಟು. ಗಾಂಧೀಜಿ ಮೂರನೆಯ ದರ್ಜೆಯಲ್ಲಿ ಕುಳಿತು ತಿರುಗಿದ್ದರಿಂದಲೇ ಅಲ್ಲಿಯ ಹೊಲಸು, ನೂಕುನುಗ್ಗಲುಗಳ ಬಗ್ಗೆ 1917ರಲ್ಲಿ ಬರೆಯಲು ಅವರಿಗೆ ಅಧಿಕಾರ ಬಂತು. ಅನುಕೂಲಸ್ಥರು ಒಬ್ಬೊಬ್ಬರೇ ಸ್ವಂತ ಗಾಡಿ ಮಾಡಿಕೊಂಡು ಇಳಿದುಹೋದ ಮೇಲೆ ಎಸ್.ಟಿ.ಯ ಮುರಿದ ಕಿಟಕಿಯ ಬಗ್ಗೆ ಕೂಗುವವರು ಯಾರು?

ಇಲ್ಲಿ ರೈತ ಗೆಳೆಯರು ಸರಿಯಾದ ಜಾಗಕ್ಕೇ ಪೆಟ್ಟು ಕೊಟ್ಟರು. “ನಿಮ್ಮ ಸರಕಾರಿ ಬಸ್ಸು ಗಡಿ ತನಕ ಬಂದು ನಿಂತರ?” ಎಂದರು. 2022ರ ಡಿಸೆಂಬರಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಆದದ್ದು ಹಾಗೆಯೇ. ಭಾಷೆಯ ಜಗಳದಲ್ಲಿ ಬಸ್ಸುಗಳಿಗೆ ಮಸಿ ಬಿತ್ತು, ಎರಡೂ ಕಡೆಯ ಸಾರಿಗೆ ನಿಂತಿತು, ಸಂಕೇಶ್ವರದ ಸಂಬಂಧಿಕರ ಮನೆಗೆ ಹೊರಟ ಮುದುಕಿಯರು ಗಂಟು ಹಿಡಿದು ನಿಂತಲ್ಲೇ ನಿಂತರು. ನಿಮಗೆ ತಲಪಾಡಿ ಹೇಗೋ ನಮಗೆ ಕೊಗನೊಳ್ಳಿ ಹಾಗೆ. 2020ರಲ್ಲಿ ತಲಪಾಡಿಯ ದಾರಿಗೆ ಮಣ್ಣು ಬಿದ್ದಾಗ ನೀವು ಪಟ್ಟ ಕಷ್ಟ ನಮಗೆ ಪತ್ರಿಕೆಯಲ್ಲಿ ಓದಿಯೇ ಅರ್ಥವಾಗಿತ್ತು. ಎಲ್ಲರದೂ ಆದ ಬಸ್ಸಿಗೆ ಕಲ್ಲು ಬೀಳುವಲ್ಲಿ ಸ್ವಂತ ಬಸ್ಸು ಬೇಕೆನಿಸುವುದು ಸಹಜ. ಆದರೆ ಆ ಮುದುಕಿಗೆ ನಮ್ಮ ಹತ್ತು ಹಲಗೆಗಳಲ್ಲಿ ಒಂದಾದರೂ ಸಿಗುತ್ತದೆಯೆ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಹಾಗಾದರೆ ಏನು ಮಾಡಬೇಕು? ನನ್ನದೊಂದು ಸೂಚನೆ ಇಟ್ಟಿದ್ದೇನೆ. ಸೀಟು ಕೀಳುವುದು ಬೇಡ. ಗಡಹಿಂಗ್ಲಜ ತಾಲೂಕಿನ ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ, ನಮ್ಮ ಮಾಸ್ತರರೇ ಹೇಳಿದಂತೆ, ಸಮುದ್ರ ಕಂಡ ಮಕ್ಕಳು ಬೆರಳೆಣಿಕೆಯಷ್ಟು. ಇಪ್ಪತ್ತೆಂಟು ಮಕ್ಕಳು, ಇಬ್ಬರು ಬಾಯಿಯವರು, ನಾವು ಹತ್ತು ಜನ: ನಲವತ್ತು ಸೀಟು ತುಂಬಿತು. ಕಾಸರಗೋಡಿನಲ್ಲಿ ನಿಮ್ಮ ಶಾಲೆಯ ಪಡಸಾಲೆಯಲ್ಲಿ ಮಲಗಿ, ಕನ್ನಡ ಓದುತ್ತ ಮಲಯಾಳದಲ್ಲಿ ಆಡುವ ಮಕ್ಕಳ ಜೊತೆ ಕನ್ನಡ ಓದುತ್ತ ಮರಾಠಿಯಲ್ಲಿ ಆಡುವ ಮಕ್ಕಳು ಎರಡು ದಿನ ಇರಲಿ. ಹೊಗೆ ಆಗಲೂ ಹೊರಡುತ್ತದೆ. ಆದರೆ ಅದಕ್ಕೊಂದು ಉತ್ತರವಿರುತ್ತದೆ.

ವಿಚಿತ್ರವೆಂದರೆ ಈ ದಾರಿಗೆ ಅಡ್ಡಿ ಹೆಚ್ಚು. ಬಸ್ಸನ್ನು ಮನೆ ಮಾಡಬೇಕಾದರೆ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ ಆರ್.ಟಿ.ಓ. ಅನುಮತಿ ಬೇಕು, ಹಳೆಯ ಗಾಡಿಯೆಂದು ಪರಿಸರ ತೆರಿಗೆ ಕಟ್ಟಬೇಕು. ಅದು ಒಂದು ಸಲದ ತಾಪತ್ರಯ. ಬಸ್ಸು ಬಸ್ಸಾಗಿಯೇ ಉಳಿದು ಮಕ್ಕಳನ್ನು ಕೂರಿಸಬೇಕಾದರೆ ಯೋಗ್ಯತಾ ಪ್ರಮಾಣಪತ್ರ, ಮೂರು ರಾಜ್ಯ ದಾಟುವ ಪರವಾನಿಗೆ, ಪರವಾನಿಗೆಯುಳ್ಳ ಚಾಲಕ, ವಿಮೆ, ಪಾಲಕರ ಒಪ್ಪಿಗೆ. ಹದಿನೈದು ವರ್ಷ ದಾಟಿದ ಗಾಡಿಗೆ ಮಕ್ಕಳನ್ನು ಹತ್ತಿಸುವುದು ಸರಿಯೇ ಎಂಬ ಔಷಧದಂಗಡಿಯವರ ಪ್ರಶ್ನೆಯನ್ನೂ ತಳ್ಳಿಹಾಕಲಾರೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಪರಿಸರದ ತತ್ವ ಕೇಳುವುದಿಲ್ಲ. ಪರೀಕ್ಷೆಯಲ್ಲಿ ಗಾಡಿ ನಪಾಸಾದರೆ ಅದು ಕುಲುಮೆಗೆ ಹೋಗಲಿ, ನಾವೂ ಮಕ್ಕಳೂ ಮೀರಜದಲ್ಲಿ ರೈಲು ಹತ್ತೋಣ ಎಂದಿದ್ದೇನೆ. ಒಂಬತ್ತರಲ್ಲಿ ನಾಲ್ವರು ಒಪ್ಪಿದ್ದಾರೆ. ಇಬ್ಬರು ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಅದರಲ್ಲಿ ಒಬ್ಬರು ನಾನು ಬಿ.ಎ. ಓದುವಾಗಿನಿಂದ ಒಂದೇ ತಾಟಿನಲ್ಲಿ ಉಂಡವರು, ಅದೇ ನನಗೆ ಭಾರವಾಗಿರುವುದು.

ಬಸ್ಸು ಸದ್ಯ ಉದ್ಯಮನಗರದ ಒಂದು ಶೆಡ್ಡಿನಲ್ಲಿದೆ. ಎಂಜಿನು ಬಿಚ್ಚಿಟ್ಟಿದ್ದಾರೆ, ಪೇಂಟರನಿಗೆ ತಡೆ ಹೇಳಿದ್ದೇವೆ. ಹೋದ ವಾರ ಹೋದಾಗ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು, “ಸಾಹೇಬ್ರ, ಸೀಟಿನ ನಟ್ಟು ಸಡಿಲ ಮಾಡೇನಿ, ತಗೀಲೋ ಮತ್ತ ಬಿಗೀಲೋ?” ಎಂದ. ಇನ್ನು ಎಂಟು ದಿನ ತಡಿಯಪ್ಪಾ ಎಂದೆ. ಒಳಗೆ ಕಿಟಕಿಯ ಪಕ್ಕದ ಒಂದು ಸೀಟಿನ ಬೆನ್ನಿಗೆ ಯಾವಳೋ ಗಿರಣಿಯ ಹುಡುಗಿ ಸೂಜಿಯಿಂದ ಗೀರಿದ ಹೆಸರಿತ್ತು, ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ.